ಹಳೆಯ ಡೀಸೆಲ್ ವ್ಯಾನಿನ ಟೈಮಿಂಗ್ ಬೆಲ್ಟ್ ನೀವೇ ಬದಲಿಸುವುದಾದರೆ

ಟೈಮಿಂಗ್ ಬೆಲ್ಟ್ ಬದಲಿಸುವುದು ತೋಳಿನ ಬಲ ಬೇಡುವ ಕೆಲಸ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಜಗ್ಗದ ಬೋಲ್ಟುಗಳು, ಕೈ ಹೋಗದ ಜಾಗ, ಮೈಗೆಲ್ಲ ಮೆತ್ತುವ ಗ್ರೀಸು, ಇವೆಲ್ಲ ಇರುವುದು ನಿಜ. ಆದರೆ ಕೆಲಸದ ತಿರುಳು ಬೇರೆ ಕಡೆ ಇದೆ. ಎಂಜಿನ್ನಿನಲ್ಲಿ ಮೂರು ಶಾಫ್ಟುಗಳು ಒಂದಕ್ಕೊಂದು ಸರಿಯಾದ ಕೋನದಲ್ಲಿ ತಿರುಗಬೇಕು. ಆ ಹೊಂದಾಣಿಕೆಯನ್ನು ಹಿಡಿದಿಟ್ಟಿರುವುದು ಒಂದು ರಬ್ಬರ್ ಬೆಲ್ಟು. ಅದನ್ನು ಬಿಚ್ಚಿದ ಕೂಡಲೇ ಹಿಡಿತ ಹೋಗುತ್ತದೆ. ಹೊಸ ಬೆಲ್ಟು ಕೂರುವ ತನಕ ಆ ಮೂರೂ ಶಾಫ್ಟುಗಳು ಇದ್ದಲ್ಲೇ ಇರುವ ಹಾಗೆ ನೀವು ನೋಡಿಕೊಳ್ಳಬೇಕು. ಇದೊಂದು ಮನಸ್ಸಿನಲ್ಲಿ ಸರಿಯಾಗಿ ಕೂತರೆ ಉಳಿದ ಪ್ರತಿ ಹೆಜ್ಜೆಯೂ ಯಾಕೆ ಹಾಗಿದೆ ಅಂತ ತಾನಾಗಿ ಅರ್ಥವಾಗುತ್ತದೆ.

ಮೊದಲನೆಯದು ಕ್ರ್ಯಾಂಕ್ ಶಾಫ್ಟ್. ಪಿಸ್ಟನ್ನುಗಳು ಮೇಲೆ ಕೆಳಗೆ ಹೋಗುವುದನ್ನು ತಿರುಗುವಿಕೆಯಾಗಿ ಮಾಡುವುದು ಇದೇ. ಎರಡನೆಯದು ಕ್ಯಾಮ್ ಶಾಫ್ಟ್. ವಾಲ್ವುಗಳನ್ನು ತೆರೆದು ಮುಚ್ಚಿಸುತ್ತದೆ. ಮೂರನೆಯದು ಡೀಸೆಲ್ ಪಂಪಿನ ಶಾಫ್ಟ್. ಹಳೆಯ ಎಂಜಿನ್ನುಗಳಲ್ಲಿ ಯಾವ ಸಿಲಿಂಡರಿಗೆ ಯಾವ ಗಳಿಗೆಯಲ್ಲಿ ಡೀಸೆಲ್ ಚಿಮ್ಮಬೇಕು ಅನ್ನುವುದನ್ನು ಈ ಪಂಪೇ ತೀರ್ಮಾನಿಸುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಪೂರ್ತಿ ಸುತ್ತಿನ ಕೆಲಸ ಮುಗಿಯಲು ಕ್ರ್ಯಾಂಕ್ ಎರಡು ಸಲ ತಿರುಗಬೇಕು. ಅಷ್ಟರಲ್ಲಿ ಕ್ಯಾಮ್ ಒಂದೇ ಸಲ ತಿರುಗುತ್ತದೆ, ಪಂಪೂ ಒಂದೇ ಸಲ. ಅದಕ್ಕೇ ಕ್ಯಾಮಿನ ಚಕ್ರದಲ್ಲಿ ಕ್ರ್ಯಾಂಕಿನ ಚಕ್ರಕ್ಕಿಂತ ಎರಡು ಪಟ್ಟು ಹಲ್ಲುಗಳಿರುತ್ತವೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕ್ರ್ಯಾಂಕಿನ ಚಕ್ರದಲ್ಲಿ 20 ಹಲ್ಲು, ಕ್ಯಾಮಿನದರಲ್ಲಿ 40 ಅಂತ ಇಟ್ಟುಕೊಳ್ಳಿ. ಬೆಲ್ಟು ಒಂದೇ ಒಂದು ಹಲ್ಲು ತಪ್ಪಿ ಕೂತರೆ ಕ್ರ್ಯಾಂಕಿನ ಲೆಕ್ಕದಲ್ಲಿ 360 ಭಾಗಿಸು 20, ಅಂದರೆ 18 ಡಿಗ್ರಿ ವ್ಯತ್ಯಾಸ. ಡೀಸೆಲ್ ಚಿಮ್ಮುವ ಹೊತ್ತು ಒಂದೆರಡು ಡಿಗ್ರಿ ಆಚೀಚೆ ಆದರೂ ಎಂಜಿನ್ನಿನ ಸದ್ದು, ಹೊಗೆ ಎರಡೂ ಬದಲಾಗುತ್ತವೆ. ಅಂಥದ್ದರಲ್ಲಿ 18 ಡಿಗ್ರಿ ಎಷ್ಟು ದೊಡ್ಡ ತಪ್ಪು ಅಂತ ಊಹಿಸಿ. ‘ಒಂದು ಹಲ್ಲು ತಾನೇ’ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಬೆಲ್ಟು ಹರಿದರೆ ಆಗುವುದು ಇನ್ನೂ ಕೆಟ್ಟದ್ದು. ಎಂಜಿನ್ 2000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 33 ಸಲ ತಿರುಗುತ್ತಿರುತ್ತದೆ. ಬೆಲ್ಟು ಹೋದರೆ ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತಕ್ಷಣ ನಿಂತುಬಿಡುತ್ತದೆ. ಆಗ ಕೆಲವು ವಾಲ್ವುಗಳು ತೆರೆದ ಸ್ಥಿತಿಯಲ್ಲೇ ಸಿಲಿಂಡರಿನೊಳಗೆ ಚಾಚಿಕೊಂಡು ಉಳಿಯುತ್ತವೆ. ಪಂಪೂ ನಿಂತು ಡೀಸೆಲ್ ಬರುವುದು ನಿಲ್ಲುತ್ತದೆ ನಿಜ. ಆದರೆ ಕ್ರ್ಯಾಂಕಿನ ತುದಿಯಲ್ಲಿರುವ ದೊಡ್ಡ ಚಕ್ರ, ಅಂದರೆ ಫ್ಲೈವೀಲಿನ ಭಾರ, ಓಡುತ್ತಿರುವ ಗಾಡಿಯ ತೂಕ ಸೇರಿ ಕ್ರ್ಯಾಂಕನ್ನು ಇನ್ನೂ ತಿರುಗಿಸುತ್ತಲೇ ಇರುತ್ತವೆ. ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ.

ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ವಾಲ್ವ್ ಪೂರ್ತಿ ತೆರೆದಿದ್ದರೂ ಪಿಸ್ಟನ್ ತಾಗದಷ್ಟು ಜಾಗ ಇರುತ್ತದೆ. ಡೀಸೆಲಿನಲ್ಲಿ ಆ ಅದೃಷ್ಟ ಇರುವುದು ತೀರಾ ಅಪರೂಪ. ಡೀಸೆಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಅದರಿಂದ ಹುಟ್ಟುವ ಬಿಸಿಯಲ್ಲೇ ಎಣ್ಣೆ ಹೊತ್ತಿಕೊಳ್ಳಬೇಕು. ಹಳೆಯ ಡೀಸೆಲ್ ಎಂಜಿನ್ನುಗಳು ಗಾಳಿಯನ್ನು ಸುಮಾರು ಹದಿನೆಂಟರಿಂದ ಇಪ್ಪತ್ತಮೂರನೇ ಒಂದು ಭಾಗಕ್ಕೆ ಒತ್ತುತ್ತವೆ. ಅಷ್ಟು ಒತ್ತಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ, ವಾಲ್ವುಗಳಿರುವ ಭಾಗ) ಅದಕ್ಕೂ ನಡುವೆ ಜಾಗವೇ ಉಳಿಯಬಾರದು ಅಲ್ವಾ? ಉಳಿಯುವುದು ಒಂದು ಮಿಲಿಮೀಟರಿನ ಆಸುಪಾಸು ಅಷ್ಟೇ. ವಾಲ್ವ್ ತೆರೆದಾಗ ಕೆಳಗಿಳಿಯುವುದು ಎಂಟು, ಒಂಬತ್ತು ಮಿಲಿಮೀಟರ್. ಲೆಕ್ಕ ಕೂಡುವುದೇ ಇಲ್ಲ. ವಾಲ್ವುಗಳು ಬಾಗುತ್ತವೆ, ಕೆಲವು ಸಲ ಪಿಸ್ಟನ್ ಒಡೆಯುತ್ತದೆ, ಕ್ಯಾಮ್ ಮುರಿಯುವುದೂ ಉಂಟು.

ಹಾಗಾದರೆ ಇಷ್ಟು ಮುಖ್ಯವಾದ ಜಾಗದಲ್ಲಿ ರಬ್ಬರ್ ಯಾಕೆ ಇಟ್ಟರು? ಮುಂಚೆ ಅಲ್ಲಿ ಚೈನ್ ಅಥವಾ ಗೇರುಗಳೇ ಇದ್ದವು. 1960ರ ದಶಕದ ಶುರುವಿನಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ ಕಾರಿಗೆ ಹಲ್ಲಿನ ಬೆಲ್ಟು ಹಾಕಿತು. ಬೆಲ್ಟು ಹಗುರ, ಸದ್ದಿಲ್ಲ, ಆಯಿಲ್ ಬೇಡ, ತಯಾರಿಸುವುದೂ ಸುಲಭ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್ ಹೊತ್ತಿಗೆ ಡೀಸೆಲ್ ಪಂಪನ್ನೂ ಅದೇ ಬೆಲ್ಟು ತಿರುಗಿಸುತ್ತಿತ್ತು. ಆಮೇಲೆ ಸಣ್ಣ ಡೀಸೆಲ್ ವ್ಯಾನುಗಳಲ್ಲೂ ಇದು ಮಾಮೂಲಾಯಿತು. ಎಲ್ಲ ವ್ಯಾನುಗಳಲ್ಲೂ ಅಲ್ಲ. ಮರ್ಸಿಡಿಸ್‌ನ ಹಳೆಯ ಓಎಂ601, ಓಎಂ602 ಎಂಜಿನ್ನುಗಳಲ್ಲಿ ಇರುವುದು ಚೈನು. ಆದ್ದರಿಂದ ನಿಮ್ಮ ಗಾಡಿಯಲ್ಲಿ ಬೆಲ್ಟು ಇದೆಯೋ ಚೈನೋ ಅಂತ ಎಂಜಿನ್ ಕೋಡ್ (ಎಂಜಿನ್ನಿನ ಬಗೆ ಹೇಳುವ ಅಕ್ಷರ, ಅಂಕಿಗಳ ಗುರುತು) ನೋಡಿ ಮೊದಲು ಖಚಿತ ಮಾಡಿಕೊಳ್ಳಿ. ವ್ಯಾನಿನ ಮಾಡೆಲ್ ಹೆಸರು ಸಾಲದು, ಒಂದೇ ಹೆಸರಿನಲ್ಲಿ ನಾಲ್ಕೈದು ಬಗೆಯ ಎಂಜಿನ್ ಬಂದಿರುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಒಂದಲ್ಲ, ಎರಡು ಬೆಲ್ಟು. ಫೋಕ್ಸ್‌ವ್ಯಾಗನ್ ಟಿ4 ವ್ಯಾನಿನ ಐದು ಸಿಲಿಂಡರ್ ಡೀಸೆಲಿನಲ್ಲಿ ಮುಂದಿನ ಬೆಲ್ಟು ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮಿನ ಹಿಂತುದಿಯಿಂದ ಇನ್ನೊಂದು ಬೆಲ್ಟು ಡೀಸೆಲ್ ಪಂಪಿಗೆ ಹೋಗುತ್ತದೆ. ಮುಂದಿನದನ್ನು ಮಾತ್ರ ಬದಲಿಸಿ ಹಿಂದಿನದನ್ನು ಮರೆತರೆ ಅರ್ಧ ಕೆಲಸ ಮಾತ್ರ ಆದಂತೆ. ಮಿತ್ಸುಬಿಷಿಯ 4ಡಿ56 ಎಂಜಿನ್ನಿನಲ್ಲಿ ಅಲುಗಾಟ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿಗೆ ಅಂತ ಒಳಗಡೆ ಒಂದು ಪುಟ್ಟ ಬೆಲ್ಟಿದೆ. ಅದು ಹರಿದು ಅದರ ತುಂಡು ದೊಡ್ಡ ಬೆಲ್ಟಿನೊಳಗೆ ಸಿಕ್ಕಿಕೊಂಡರೆ ಎರಡೂ ಹೋಗುತ್ತವೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಯಾವಾಗ, ಏನೇನು

ಬೆಲ್ಟಿಗೆ ಎರಡು ಗಡುವು ಇರುತ್ತದೆ. ಒಂದು ಕಿಲೋಮೀಟರ್, ಇನ್ನೊಂದು ವರ್ಷ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಟೊಯೋಟಾ ಹೈಏಸ್‌ನ ಹಳೆಯ ಡೀಸೆಲ್‌ಗಳಲ್ಲಿ 1,00,000 ಕಿಲೋಮೀಟರ್ ಆದಾಗ ಡ್ಯಾಶ್‌ಬೋರ್ಡಿನಲ್ಲಿ ಟೈಮಿಂಗ್ ಬೆಲ್ಟಿನ ದೀಪವೇ ಹೊತ್ತಿಕೊಳ್ಳುತ್ತದೆ. ಆದರೆ ಆ ದೀಪಕ್ಕೆ ಗೊತ್ತಿರುವುದು ಕಿಲೋಮೀಟರ್ ಮಾತ್ರ. ರಬ್ಬರ್ ನಿಂತಲ್ಲೇ ಹಳತಾಗುವುದು ಅದಕ್ಕೆ ತಿಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವ ವ್ಯಾನಿಗೆ ವರ್ಷದ ಗಡುವೇ ಮುಖ್ಯ.

ಹಳೆಯ ವ್ಯಾನು ಕೊಂಡಿದ್ದೀರಿ, ಬೆಲ್ಟು ಯಾವಾಗ ಬದಲಾಯಿಸಿದ್ದು ಅನ್ನುವುದಕ್ಕೆ ಬರವಣಿಗೆಯ ಪುರಾವೆ ಇಲ್ಲ. ಹಾಗಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. ಕವರ್ ತೆಗೆದು ನೋಡಿದರೆ ಸಾಲದೇ ಅಂತ ಕೇಳಬಹುದು. ಬಿರುಕು, ಅಂಚಿನಲ್ಲಿ ಎಳೆ ಬಿಟ್ಟಿರುವುದು, ಆಯಿಲ್ ಒದ್ದೆ ಇವೆಲ್ಲ ಕಂಡರೆ ಅವತ್ತೇ ಗಾಡಿ ನಿಲ್ಲಿಸಿ. ಆದರೆ ಏನೂ ಕಾಣಲಿಲ್ಲ ಅಂದರೆ ಚೆನ್ನಾಗಿದೆ ಅಂತ ಅರ್ಥವಲ್ಲ. ಬೆಲ್ಟಿನ ಎಳೆತ ತಡೆಯುವುದು ರಬ್ಬರಿನೊಳಗೆ ಹೂತಿರುವ ಗಾಜಿನ ನಾರಿನ ಹುರಿಗಳು. ಅವು ಸವೆದದ್ದು ಹೊರಗಿನಿಂದ ಕಾಣುವುದೇ ಇಲ್ಲ.

ಬೆಲ್ಟು ಒಂದನ್ನೇ ತಂದು ಹಾಕಬೇಡಿ. ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರಿಸುವ ಐಡ್ಲರ್ ರೋಲರ್‌ಗಳನ್ನೂ ತನ್ನಿ. ಅವುಗಳ ಬೇರಿಂಗಿನೊಳಗೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸು ಬಿಟ್ಟರೆ ಬೇರೇನೂ ಇಲ್ಲ. ಬೆಲ್ಟು ಓಡಿದಷ್ಟೇ ದೂರ ಅವೂ ಓಡಿವೆ. ವಾಟರ್ ಪಂಪನ್ನು ಇದೇ ಬೆಲ್ಟು ತಿರುಗಿಸುತ್ತಿದ್ದರೆ ಅದನ್ನೂ ಬದಲಿಸಿ. ಪಂಪಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟು ಉಜ್ಜಿ ಹರಿಯುತ್ತದೆ. ಸೀಲ್ ಸೋರಿದರೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಬೆಲ್ಟಿನ ಮೇಲೆ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ನೀವು ಮತ್ತೆ ಮೊದಲಿನಿಂದ ಬಿಚ್ಚಬೇಕು. ಕ್ರ್ಯಾಂಕ್ ಮತ್ತು ಕ್ಯಾಮಿನ ಮುಂಭಾಗದ ಆಯಿಲ್ ಸೀಲುಗಳ ಮಾತೂ ಅಷ್ಟೇ. ಆಯಿಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹಲ್ಲುಗಳು ಕಿತ್ತು ಬರುತ್ತವೆ. ಸೋರುವ ಸೀಲಿನ ಮುಂದೆ ಹೊಸ ಬೆಲ್ಟು ಹಾಕುವುದು ದಂಡ.

ಹೊಸ ಬೆಲ್ಟನ್ನು ಹಾಕುವ ತನಕ ಅದರ ಪೆಟ್ಟಿಗೆಯಲ್ಲೇ ಇಡಿ. ಮಡಚಬೇಡಿ, ತಿರುಚಬೇಡಿ, ಒಳಮೈ ಹೊರಮೈ ಮಾಡಿ ನೋಡಬೇಡಿ. ಗಾಜಿನ ನಾರು ಎಳೆತಕ್ಕೆ ತುಂಬಾ ಗಟ್ಟಿ, ಆದರೆ ಬಿಗಿಯಾಗಿ ಮಡಚಿದರೆ ಒಳಗೇ ಮುರಿಯುತ್ತದೆ. ಮುರಿದದ್ದು ನಿಮಗೆ ಕಾಣುವುದಿಲ್ಲ.

ಉಪಕರಣಗಳಲ್ಲಿ ಮೂರರ ವಿಷಯದಲ್ಲಿ ರಾಜಿ ಬೇಡ. ನಿಮ್ಮ ಎಂಜಿನ್ ಕೋಡಿಗೆ ಸರಿಯಾದ ಲಾಕಿಂಗ್ ಪಿನ್ನುಗಳ (ಶಾಫ್ಟುಗಳನ್ನು ಇದ್ದಲ್ಲೇ ನಿಲ್ಲಿಸುವ ಕಡ್ಡಿಗಳು) ಸೆಟ್, ಬೋಲ್ಟಿನ ಬಿಗಿ ಅಳೆದು ಬಿಗಿಯುವ ಟಾರ್ಕ್ ರೆಂಚ್, ಮತ್ತು ಅದೇ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುಯಲ್. ಈ ಲೇಖನ ಆ ಮ್ಯಾನ್ಯುಯಲ್ಲಿಗೆ ಬದಲಿ ಅಲ್ಲ. ಅದರಲ್ಲಿ ಬರೆದಿರುವುದು ಯಾಕೆ ಹಾಗೆ ಅಂತ ಅರ್ಥವಾಗಲು ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಮಾಡುವವರು ಪೂರ್ತಿ ಎರಡು ದಿನ ಇಟ್ಟುಕೊಳ್ಳಿ. ಸಂಜೆಯೊಳಗೆ ಗಾಡಿ ಬೇಕು ಅನ್ನುವ ಅವಸರದಲ್ಲಿ ಶುರು ಮಾಡಬೇಡಿ.

ಬಿಚ್ಚುವ ಮುಂಚೆ

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯಿಡೀ ನಿಂತ ಗಾಡಿ ಆದರೆ ಒಳ್ಳೆಯದು. ಕೈ ಸುಡುತ್ತದೆ ಅನ್ನುವುದೊಂದೇ ಕಾರಣವಲ್ಲ. ಹೆಡ್ಡು ಬಿಸಿಯಾದಾಗ ಹಿಗ್ಗುತ್ತದೆ, ಕ್ಯಾಮಿಗೂ ಕ್ರ್ಯಾಂಕಿಗೂ ನಡುವಿನ ದೂರ ತುಸು ಜಾಸ್ತಿಯಾಗುತ್ತದೆ, ಬೆಲ್ಟು ಬಿಗಿಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಬಿಗಿ ಹೊಂದಿಸಿದರೆ ತಣ್ಣಗಾದ ಮೇಲೆ ಸಡಿಲವಾಗುತ್ತದೆ.

ಬ್ಯಾಟರಿಯ ತಂತಿ ಬಿಚ್ಚಿ. ಗಾಡಿ ಎತ್ತಿದರೆ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ, ವ್ಯಾನು ತುಂಬಾ ಭಾರ. ಬಸಿದ ಕೂಲಂಟನ್ನು ಆಗಲೇ ಮುಚ್ಚಿದ ಕ್ಯಾನಿಗೆ ಸುರಿಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಒಳಗೆ ಹೋದರೆ ವಿಷ. ನಾಯಿ, ಬೆಕ್ಕು, ಮಕ್ಕಳು ಓಡಾಡುವ ಜಾಗದಲ್ಲಿ ತೆರೆದ ಬಕೆಟ್ ಬಿಡಬಾರದು.

ಆಮೇಲೆ ಎದುರಾಗುವುದು ಕ್ರ್ಯಾಂಕಿನ ನಡುವಿನ ಬೋಲ್ಟು. ಅದರ ಬಿಗಿ ಕೆಲವು ಐದು ಸಿಲಿಂಡರ್ ಎಂಜಿನ್ನುಗಳಲ್ಲಿ 400 ನ್ಯೂಟನ್ ಮೀಟರ್ ದಾಟುತ್ತದೆ. ಒಂದು ಮೀಟರ್ ಉದ್ದದ ಪೈಪಿನ ತುದಿಗೆ 40 ಕಿಲೋಗಿಂತ ಜಾಸ್ತಿ ತೂಕ ನೇತುಹಾಕಿದಷ್ಟು. ಕ್ರ್ಯಾಂಕಿನ ತುದಿಯಲ್ಲಿ ಹೊರಗಿನ ಬೆಲ್ಟುಗಳನ್ನು ತಿರುಗಿಸುವ ಚಕ್ರವನ್ನು, ಅಂದರೆ ಪುಲ್ಲಿಯನ್ನು, ಅಲುಗದಂತೆ ಹಿಡಿಯುವ ಉಪಕರಣ ಬೇಕೇ ಬೇಕು. ಕೆಲವರು ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಬಿಚ್ಚುತ್ತಾರೆ. ತೀರಾ ಬಿಗಿ ಇಲ್ಲದ ಬೋಲ್ಟಿಗೆ ಅದು ನಡೆಯುತ್ತದೆ. ಲಾಕಿಂಗ್ ಪಿನ್ ಹಾಕಿ ಅದರ ಬಲದ ಮೇಲೆ ಈ ಬೋಲ್ಟು ಬಿಚ್ಚುವುದು ಮಾತ್ರ ಎಂದಿಗೂ ಬೇಡ. ಪಿನ್ನುಗಳು ಸ್ಥಾನ ತೋರಿಸುವುದಕ್ಕೆ ಇವೆ, ಬಲ ತಡೆಯುವುದಕ್ಕಲ್ಲ. ಪಿನ್ನು ಬಾಗಬಹುದು, ಅದು ಕೂತಿರುವ ಅಲ್ಯೂಮಿನಿಯಂ ಕಿವಿಯೇ ಒಡೆಯಬಹುದು. ಫೋಕ್ಸ್‌ವ್ಯಾಗನ್‌ನ ನಾಲ್ಕು ಸಿಲಿಂಡರ್ ಡೀಸೆಲ್‌ಗಳಲ್ಲಿ ಪುಲ್ಲಿ ನಾಲ್ಕು ಸಣ್ಣ ಬೋಲ್ಟುಗಳಲ್ಲಿ ಕೂತಿರುತ್ತದೆ. ಅಂಥ ಕಡೆ ನಡುವಿನ ಬೋಲ್ಟನ್ನು ಮುಟ್ಟುವ ಅಗತ್ಯವೇ ಇಲ್ಲ, ಸೀಲ್ ಬದಲಿಸುವುದಿದ್ದರೆ ಮಾತ್ರ.

ಈಗ ಒಂದನೇ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗಕ್ಕೆ ತರಬೇಕು. ಕ್ರ್ಯಾಂಕಿನ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಡೀಸೆಲಿನ ಕಂಪ್ರೆಷನ್ ಕೈಗೆ ಭಾರ ಅನ್ನಿಸುತ್ತದೆ. ಗ್ಲೋ ಪ್ಲಗ್‌ಗಳನ್ನು (ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಪ್ಲಗ್‌ಗಳು) ತೆಗೆದರೆ ಗಾಳಿ ಹೊರಗೆ ಹೋಗಲು ದಾರಿಯಾಗುತ್ತದೆ, ತಿರುಗಿಸುವುದು ಹಗುರವಾಗುತ್ತದೆ. ನನ್ನ ಮಟ್ಟಿಗೆ ಇದು ಆ ಹೆಚ್ಚುವರಿ ಅರ್ಧ ಗಂಟೆಗೆ ಖಂಡಿತ ಯೋಗ್ಯ. ಕೈ ಹಗುರವಾಗಿದ್ದರೆ ಎಂಜಿನ್ ಹೇಳುವುದು ಕೈಗೆ ತಿಳಿಯುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಕ್ರ್ಯಾಂಕಿನ ಗುರುತು ಪ್ರತಿ ಸುತ್ತಿಗೂ ಬರುತ್ತದೆ, ಕ್ಯಾಮಿನ ಗುರುತು ಎರಡು ಸುತ್ತಿಗೆ ಒಂದು ಸಲ. ಆದ್ದರಿಂದ ಕ್ರ್ಯಾಂಕಿನ ಗುರುತು ಸೇರಿತು ಅಂತ ನಿಲ್ಲಬೇಡಿ. ಕ್ಯಾಮಿನದು ಎದುರು ಬದಿಗಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಪಂಪಿನ ಗುರುತೂ ಸೇರಿ ಮೂರೂ ಕೂಡಿದಾಗ ಮಾತ್ರ ಸರಿಯಾದ ಜಾಗ.

ಲಾಕ್ ಮಾಡುವ ರೀತಿ ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಪೇಜೋ, ಸಿಟ್ರೊಯೆನ್ ವ್ಯಾನುಗಳಲ್ಲಿ ಬಂದ ಎಕ್ಸ್‌ಯುಡಿ ಡೀಸೆಲಿನಲ್ಲಿ ಫ್ಲೈವೀಲಿನ ತೂತಿಗೆ 8 ಮಿಲಿಮೀಟರಿನ ಕಡ್ಡಿ ತೂರಿಸುತ್ತಾರೆ. ಕ್ಯಾಮಿನ ಚಕ್ರಕ್ಕೆ ಒಂದು, ಪಂಪಿನ ಚಕ್ರಕ್ಕೆ ಎರಡು ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟು ಹಾಕುತ್ತಾರೆ. ಫೋಕ್ಸ್‌ವ್ಯಾಗನ್‌ನಲ್ಲಿ ಕ್ಯಾಮ್ ಶಾಫ್ಟಿನ ಹಿಂತುದಿಯಲ್ಲಿ ಒಂದು ಸೀಳಿದೆ. ರಾಕರ್ ಕವರ್ (ಹೆಡ್ಡಿನ ಮೇಲಿನ ಮುಚ್ಚಳ) ತೆಗೆದು ಆ ಸೀಳಿಗೆ ಚಪ್ಪಟೆ ಪಟ್ಟಿಯೊಂದನ್ನು ಕೂರಿಸಿದರೆ ಕ್ಯಾಮ್ ಅಲುಗುವುದಿಲ್ಲ. ಪಂಪಿನ ಚಕ್ರಕ್ಕೆ ಬೇರೆ ಪಿನ್ನು.

ಪಿನ್ನುಗಳಿದ್ದರೂ ನಿಮ್ಮದೇ ಗುರುತು ಹಾಕಿ. ಬಿಳಿ ಪೇಂಟಿನಲ್ಲಿ ಪ್ರತಿ ಚಕ್ರದ ಒಂದು ಹಲ್ಲಿಗೆ, ಅದರ ಪಕ್ಕದ ಬೆಲ್ಟಿಗೆ, ಹಿಂದಿನ ಲೋಹಕ್ಕೆ ಒಂದೊಂದು ಗೆರೆ. ಎರಡು ಗೆರೆಗಳ ನಡುವೆ ಬೆಲ್ಟಿನಲ್ಲಿ ಎಷ್ಟು ಹಲ್ಲಿವೆ ಅಂತ ಎಣಿಸಿ ಬರೆದಿಡಿ. ಹೊಸ ಬೆಲ್ಟಿನ ಮೇಲೆ ಅಷ್ಟೇ ಹಲ್ಲು ಎಣಿಸಿ ಗೆರೆ ಹಾಕಬಹುದು. ಒಟ್ಟು ಹಲ್ಲು, ಅಗಲ ಎರಡೂ ಒಂದೇ ಇದೆಯೇ ಅಂತಲೂ ಆಗಲೇ ತಿಳಿಯುತ್ತದೆ. ಬೆಲ್ಟಿನ ದಾರಿಯ ಫೋಟೋ ತೆಗೆಯುವುದನ್ನು ಮರೆಯಬೇಡಿ.

ಬೆಲ್ಟು ಇಲ್ಲದ ಹೊತ್ತು

ಟೆನ್ಷನರ್ ಸಡಿಲಿಸಿ ಬೆಲ್ಟು ಎಳೆದುಕೊಂಡಿರಿ. ಇನ್ನು ಮುಂದೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ನೆ ತಿರುಗಿಸಿ ನೋಡುವಂತಿಲ್ಲ. ಕೈಯಲ್ಲಿ ತಿರುಗಿಸಿದರೂ ಪಿಸ್ಟನ್ನಿಗೆ ವಾಲ್ವ್ ತಾಗುತ್ತದೆ. ಯಾವುದೋ ಕಾರಣಕ್ಕೆ ಕ್ಯಾಮ್ ತಿರುಗಿಸಲೇಬೇಕಾದರೆ ಮೊದಲು ಕ್ರ್ಯಾಂಕಿನ ಪಿನ್ನು ತೆಗೆದು ಅದನ್ನು ಕಾಲು ಸುತ್ತು ಹಿಂದಕ್ಕೆ ಒಯ್ಯುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಆಗ ನಾಲ್ಕೂ ಪಿಸ್ಟನ್ನುಗಳು ಸಿಲಿಂಡರಿನ ನಡುವಿಗೆ ಇಳಿಯುತ್ತವೆ, ವಾಲ್ವುಗಳಿಗೆ ಜಾಗ ಸಿಗುತ್ತದೆ.

ಡೀಸೆಲ್ ಪಂಪಿನ ಚಕ್ರದ ಬಗ್ಗೆ ಎಚ್ಚರ. ಅದರೊಳಗಿನ ಸ್ಪ್ರಿಂಗುಗಳ ಒತ್ತಡಕ್ಕೆ ಚಕ್ರ ತಟ್ಟನೆ ಹೊರಳಬಹುದು. ಬೆರಳು ದೂರವಿರಲಿ, ಪಿನ್ನು ಒಳಗಿರಲಿ.

ವಾಟರ್ ಪಂಪು, ಸೀಲು, ರೋಲರುಗಳನ್ನು ಬದಲಿಸುವುದು ಇದೇ ಹೊತ್ತಿನಲ್ಲಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಾಮೂಲಿ ಬೋಲ್ಟು ಕೆಲಸ. ಚಕ್ರಗಳ ಹಲ್ಲಿನ ಸಂದಿಯಲ್ಲಿ ಆಯಿಲ್, ಹಳೆ ರಬ್ಬರಿನ ಪುಡಿ ಉಳಿಯದಂತೆ ಒರೆಸಿ. ಹೊಸ ಬೆಲ್ಟು ಒಣಗಿದ, ಚೊಕ್ಕಟವಾದ ಚಕ್ರದ ಮೇಲೇ ಕೂರಬೇಕು.

ಹೊಸದನ್ನು ಹಾಕುವ ದಿಕ್ಕು

ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಡುವುದು ಇಲ್ಲಿ. ಎಂಜಿನ್ ಓಡುವಾಗ ಕ್ರ್ಯಾಂಕ್ ಬೆಲ್ಟನ್ನು ಒಂದು ಬದಿಯಿಂದ ತನ್ನ ಕಡೆಗೆ ಎಳೆಯುತ್ತದೆ. ಆ ಬದಿ ಯಾವಾಗಲೂ ಬಿಗಿ. ಇನ್ನೊಂದು ಬದಿಯಲ್ಲಿ ಬೆಲ್ಟು ಸಡಿಲವಾಗಿ ಮೇಲಕ್ಕೆ ಹೋಗುತ್ತದೆ. ಟೆನ್ಷನರ್ ಇರುವುದು ಈ ಸಡಿಲ ಬದಿಯಲ್ಲಿ. ಹಾಗಾಗಿ ಹೊಸ ಬೆಲ್ಟನ್ನು ಕ್ರ್ಯಾಂಕಿನಿಂದ ಶುರು ಮಾಡಿ, ಎಳೆತದ ಬದಿಯಿಂದ ಮೇಲಕ್ಕೆ, ಒಂದೊಂದೇ ಚಕ್ರಕ್ಕೆ ಬಿಗಿಯಾಗಿ ಹಿಡಿದು ಕೂರಿಸುತ್ತಾ ಕೊನೆಗೆ ಟೆನ್ಷನರಿಗೆ ಬರಬೇಕು. ಉಳಿದ ಸಡಿಲವೆಲ್ಲ ಟೆನ್ಷನರ್ ಇರುವ ಕಡೆ ಸೇರಬೇಕು.

ನಾನು ಮೊದಲ ಸಲ ಮಾಡಿದಾಗ ಇದನ್ನು ಸರಿಯಾಗಿ ತಿಳಿದುಕೊಂಡಿರಲಿಲ್ಲ. ಮೂರೂ ಪಿನ್ನು ಹಾಕಿದ್ದೆ, ಗುರುತುಗಳೂ ಸೇರಿದ್ದವು. ಆದರೆ ಕ್ರ್ಯಾಂಕಿಗೂ ಪಂಪಿಗೂ ನಡುವಿನ ಎಳೆತದ ಬದಿಯಲ್ಲಿ ಬೆಲ್ಟು ತುಸು ಜೋಲುತ್ತಿತ್ತು. ಟೆನ್ಷನರ್ ಬಿಗಿಯಾದರೆ ಅದೂ ಬಿಗಿಯುತ್ತದೆ ಅಂತ ಬಿಟ್ಟೆ. ಬಿಗಿಯಿತು ನಿಜ, ಆದರೆ ಪಂಪಿನ ಚಕ್ರವನ್ನು ತಿರುಗಿಸಿಕೊಂಡು ಬಿಗಿಯಿತು. ಪಿನ್ನು ತೆಗೆದು ಕೈಯಲ್ಲಿ ಎರಡು ಸುತ್ತು ತಿರುಗಿಸಿದಾಗ ಪಂಪಿನ ಗುರುತು ಒಂದು ಹಲ್ಲು ಹಿಂದೆ ನಿಂತಿತ್ತು. ಮತ್ತೆ ಬಿಚ್ಚಿದೆ. ಎರಡು ಗಂಟೆ ಹೋಯಿತು, ಎಂಜಿನ್ ಉಳಿಯಿತು.

ಇದೇ ತೊಂದರೆ ಬರದಿರಲಿ ಅಂತ ಕೆಲವು ಎಂಜಿನ್ನುಗಳಲ್ಲಿ ಒಂದು ಜಾಣ ಏರ್ಪಾಡಿದೆ. ಫೋಕ್ಸ್‌ವ್ಯಾಗನ್ ಡೀಸೆಲಿನಲ್ಲಿ ಕ್ಯಾಮಿನ ಚಕ್ರ ಶಾಫ್ಟಿನ ಓರೆಯಾದ ತುದಿಯ ಮೇಲೆ ಬೋಲ್ಟಿನ ಬಿಗಿಯಿಂದ ಮಾತ್ರ ಕೂತಿರುತ್ತದೆ. ಬೋಲ್ಟು ಸಡಿಲಿಸಿ ಮೆಲ್ಲಗೆ ತಟ್ಟಿದರೆ ಚಕ್ರ ಬಿಡಿಸಿಕೊಳ್ಳುತ್ತದೆ. ಕ್ಯಾಮ್ ಪಟ್ಟಿಯಲ್ಲಿ ಲಾಕ್ ಆಗಿರುತ್ತದೆ, ಚಕ್ರ ಮಾತ್ರ ಸ್ವತಂತ್ರ. ಬೆಲ್ಟು ಹಾಕಿ ಬಿಗಿ ಹೊಂದಿಸಿದಾಗ ಚಕ್ರ ತನಗೆ ಬೇಕಾದಷ್ಟು ಹೊರಳಿಕೊಳ್ಳುತ್ತದೆ, ಶಾಫ್ಟ್ ಅಲುಗುವುದಿಲ್ಲ. ಆಮೇಲೆ ಬೋಲ್ಟು ಬಿಗಿಯುವುದು. ಈ ಬೋಲ್ಟು ಸಡಿಲಿಸುವಾಗ, ಬಿಗಿಯುವಾಗ ಚಕ್ರವನ್ನು ಬೇರೆ ಉಪಕರಣದಲ್ಲಿ ಹಿಡಿಯಬೇಕು. ಸೀಳಿನ ಪಟ್ಟಿಯ ಮೇಲೆ ಭಾರ ಬಿಟ್ಟರೆ ಕ್ಯಾಮಿನ ತುದಿ ಒಡೆಯುತ್ತದೆ.

ಬೆಲ್ಟು ಚಕ್ರಕ್ಕೆ ಹತ್ತುತ್ತಿಲ್ಲ ಅಂತ ಸ್ಕ್ರೂಡ್ರೈವರಿನಲ್ಲಿ ಮೀಟಬೇಡಿ. ಬೆರಳಲ್ಲೇ ಸರಿಯಬೇಕು. ಸರಿಯದಿದ್ದರೆ ಟೆನ್ಷನರ್ ಪೂರ್ತಿ ಹಿಂದಕ್ಕೆ ಹೋಗಿಲ್ಲ, ಇಲ್ಲವೇ ಬೆಲ್ಟೇ ಬೇರೆಯದು. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕನ್ನು ತೋರಿಸಬೇಕು.

ಬಿಗಿಯ ವಿಷಯಕ್ಕೆ ಬರೋಣ. ಕೆಲವು ಟೆನ್ಷನರುಗಳು ಸ್ಪ್ರಿಂಗಿನವು, ಮುಳ್ಳು ಒಂದು ಗುರುತಿಗೆ ಬಂದರೆ ಆಯಿತು. ಹಳೆಯವನ್ನು ಕೈಯಲ್ಲೇ ಹೊಂದಿಸಬೇಕು. ಉದ್ದನೆಯ ಭಾಗದ ನಡುವೆ ಬೆಲ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಚಿ ನೋಡುವ ರೂಢಿ ಇದೆ. ಒಂದು ಎಂಜಿನ್ನಿಗೆ 45 ಡಿಗ್ರಿ ತಿರುಗಬೇಕು, ಇನ್ನೊಂದಕ್ಕೆ 90. ಆದ್ದರಿಂದ ಯಾರೋ ಹೇಳಿದ ಡಿಗ್ರಿಯನ್ನು ನಿಮ್ಮ ಎಂಜಿನ್ನಿಗೆ ಹಾಕಬೇಡಿ. ಬಿಗಿ ಅಳೆಯುವ ಗೇಜ್ ಸಿಕ್ಕರೆ ಅದೇ ಮೇಲು. ತೀರಾ ಬಿಗಿಯಾದರೆ ಎಂಜಿನ್ ಓಡುವಾಗ ಸಣ್ಣಗೆ ಊಳಿಡುವ ಸದ್ದು ಬರುತ್ತದೆ, ವಾಟರ್ ಪಂಪಿನ ಬೇರಿಂಗ್ ಬೇಗ ಸವೆಯುತ್ತದೆ. ಸಡಿಲವಾದರೆ ಇನ್ನೂ ಅಪಾಯ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನ ಎಳೆತಕ್ಕೆ ಬೆಲ್ಟು ಹಲ್ಲು ಹಾರಬಹುದು.

ಎರಡು ಸುತ್ತು

ಪಿನ್ನುಗಳನ್ನೆಲ್ಲ ತೆಗೆಯಿರಿ. ಎಷ್ಟು ಹಾಕಿದ್ದಿರೋ ಅಷ್ಟೂ ಕೈಗೆ ಬಂದವೇ ಅಂತ ಎಣಿಸಿ. ಈಗ ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ, ಓಡುವ ದಿಕ್ಕಿಗೆ, ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡೇ ಯಾಕೆ ಅನ್ನುವುದು ಈಗ ನಿಮಗೆ ಗೊತ್ತು. ಕ್ಯಾಮ್ ಮತ್ತು ಪಂಪ್ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರಬೇಕಾದರೆ ಕ್ರ್ಯಾಂಕ್ ಎರಡು ಸುತ್ತಬೇಕು. ಅಷ್ಟರಲ್ಲಿ ಪ್ರತಿ ವಾಲ್ವೂ ಒಂದು ಸಲ ತೆರೆದು ಮುಚ್ಚಿರುತ್ತದೆ. ಎಲ್ಲಾದರೂ ತಾಗುವುದಿದ್ದರೆ ಈ ಎರಡು ಸುತ್ತಿನೊಳಗೆ ತಾಗಿಯೇ ತಾಗುತ್ತದೆ.

ತಿರುಗಿಸುವಾಗ ಕೈಗೆ ಎರಡು ಬಗೆಯ ತಡೆ ಸಿಗಬಹುದು. ಕಂಪ್ರೆಷನ್ನಿನ ತಡೆ ಮೆತ್ತಗಿರುತ್ತದೆ. ಒತ್ತಿ ಹಿಡಿದರೆ ಗಾಳಿ ಮೆಲ್ಲಗೆ ಸೋರಿ ಸ್ಪ್ಯಾನರ್ ಮುಂದಕ್ಕೆ ಸರಿಯುತ್ತದೆ. ಲೋಹಕ್ಕೆ ಲೋಹ ತಾಗಿದ ತಡೆ ಗೋಡೆಗೆ ಒತ್ತಿದ ಹಾಗೆ, ಟಕ್ ಅಂತ ನಿಲ್ಲುತ್ತದೆ. ಹಾಗೆ ನಿಂತರೆ ಅಲ್ಲೇ ಬಿಡಿ. ಒಂದಿಷ್ಟೂ ಬಲ ಹಾಕಬೇಡಿ. ಕೈಯ ಬಲಕ್ಕೆ ತಾಗಿದ ವಾಲ್ವು ಸಾಮಾನ್ಯವಾಗಿ ಬಾಗಿರುವುದಿಲ್ಲ, ಸ್ಟಾರ್ಟರ್ ಮೋಟರಿನ ಬಲಕ್ಕೆ ಬಾಗುತ್ತದೆ. ಇದೇ ಕಾರಣಕ್ಕೆ ಈ ಪರೀಕ್ಷೆ ಕೈಯಲ್ಲೇ ಆಗಬೇಕು.

ಎರಡು ಸುತ್ತಿನ ನಂತರ ಪಿನ್ನುಗಳು ಮತ್ತೆ ತಮ್ಮ ತೂತುಗಳಿಗೆ ಸಲೀಸಾಗಿ ಇಳಿಯಬೇಕು. ತುಸು ತಳ್ಳಿದರೆ ಹೋಗುತ್ತದೆ ಅನ್ನುವುದು ಸಾಲದು. ಆಗ ಬೆಲ್ಟಿನ ಮೇಲೆ ನೀವು ಹಾಕಿದ ಬಿಳಿ ಗೆರೆಗಳು ಎಲ್ಲೆಲ್ಲೋ ಹೋಗಿರುತ್ತವೆ. ಗಾಬರಿ ಬೇಡ. 20 ಹಲ್ಲಿನ ಕ್ರ್ಯಾಂಕ್ ಎರಡು ಸುತ್ತಿದರೆ ಬೆಲ್ಟು 40 ಹಲ್ಲು ಮಾತ್ರ ಸರಿದಿರುತ್ತದೆ. ಬೆಲ್ಟಿನಲ್ಲಿರುವುದು ನೂರಕ್ಕೂ ಜಾಸ್ತಿ ಹಲ್ಲು. ನೋಡಬೇಕಾದದ್ದು ಚಕ್ರದ ಗುರುತು ಮತ್ತು ಹಿಂದಿನ ಲೋಹದ ಗುರುತು, ಬೆಲ್ಟಿನದಲ್ಲ. ಕೊನೆಗೆ ಬಿಗಿಯನ್ನು ಇನ್ನೊಮ್ಮೆ ನೋಡಿ. ಎರಡು ಸುತ್ತಿಗೆ ಬೆಲ್ಟು ಚಕ್ರಗಳಲ್ಲಿ ಸರಿಯಾಗಿ ಕೂತು ತುಸು ಸಡಿಲವಾಗಿರುವುದುಂಟು.

ಬೆಲ್ಟು ಸರಿಯಾದರೂ ಹಳೆಯ ಬಾಷ್ ವಿಇ ಮಾದರಿಯ ಪಂಪಿಗೆ ಇನ್ನೊಂದು ಹೊಂದಾಣಿಕೆ ಇದೆ. ಪಂಪಿನ ಹಿಂದಿನ ಪ್ಲಗ್ ತೆಗೆದು ಡಯಲ್ ಗೇಜ್ ಹಾಕಿ, ಟಿಡಿಸಿಯಲ್ಲಿ ಒಳಗಿನ ಪ್ಲಂಜರ್ (ಡೀಸೆಲನ್ನು ಒತ್ತುವ ಪುಟ್ಟ ದಂಡ) ಎಷ್ಟು ಮೇಲೆದ್ದಿದೆ ಅಂತ ಅಳೆಯುತ್ತಾರೆ. ಅಳತೆ ಒಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಪಂಪಿನ ಬೋಲ್ಟು ಸಡಿಲಿಸಿ ಪಂಪನ್ನೇ ತುಸು ಹೊರಳಿಸಿ ಸರಿ ಮಾಡುತ್ತಾರೆ. ಕಂಪ್ಯೂಟರ್ ನಿಯಂತ್ರಣದ ಪಂಪಾದರೆ ಡಯಗ್ನೋಸ್ಟಿಕ್ ಉಪಕರಣ ಜೋಡಿಸಿ ನೋಡಬೇಕು. ಇದನ್ನು ಪಂಪ್ ಕೆಲಸ ತಿಳಿದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದರಲ್ಲಿ ತಪ್ಪೇನೂ ಇಲ್ಲ. ಎಣ್ಣೆ ಬೇಗ ಚಿಮ್ಮುತ್ತಿದ್ದರೆ ಗಡಸಾದ ಟಕಟಕ ಸದ್ದು ಕೇಳುತ್ತದೆ. ತಡವಾಗಿ ಚಿಮ್ಮುತ್ತಿದ್ದರೆ ಸ್ಟಾರ್ಟ್ ಆಗಲು ಹಟ, ಬಿಳಿ ಹೊಗೆ, ಎಳೆತ ಕಮ್ಮಿ.

ಬೆಲ್ಟು ಈಗಾಗಲೇ ಹರಿದು ನಿಂತಿರುವ ವ್ಯಾನಿಗೆ ಮಾತ್ರ ಈ ದಾರಿ ಅಲ್ಲ. ಹೊಸ ಬೆಲ್ಟು ಹಾಕಿ ನೋಡೋಣ ಅಂತ ಸ್ಟಾರ್ಟ್ ಮಾಡಬೇಡಿ. ಬಾಗಿದ ವಾಲ್ವಿನ ತಲೆ ಮುರಿದು ಒಳಗೆ ಬಿದ್ದರೆ ಉಳಿದ ಪಿಸ್ಟನ್ನೂ ಹೋಗುತ್ತದೆ. ಮೊದಲು ವಾಲ್ವುಗಳು ಸರಿಯಾಗಿ ಮುಚ್ಚುತ್ತಿವೆಯೇ ಅಂತ ಗಾಳಿ ತುಂಬಿ ಸೋರಿಕೆ ನೋಡಬೇಕು. ಹೆಚ್ಚಿನ ಸಲ ಹೆಡ್ಡು ಇಳಿಸುವುದು ತಪ್ಪುವುದಿಲ್ಲ.

ಮೊದಲ ಸ್ಟಾರ್ಟ್

ಕ್ರ್ಯಾಂಕಿನ ಬೋಲ್ಟು ಒಂದೇ ಸಲ ಬಳಸುವ ಜಾತಿಯದಾದರೆ ಹೊಸದನ್ನೇ ಹಾಕಿ. ಅದು ಬಿಗಿದಾಗ ಹಿಗ್ಗುವ ಹಾಗೆ ಮಾಡಿದ್ದು, ಎರಡನೇ ಸಲಕ್ಕೆ ಅಷ್ಟೇ ಹಿಡಿತ ಕೊಡುವುದಿಲ್ಲ. ಇಂಥ ಬೋಲ್ಟಿಗೆ ಮೊದಲು ಒಂದು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ಅಂತ ಬಿಗಿ ಹೇಳಿರುತ್ತಾರೆ. ಎರಡನ್ನೂ ಪಾಲಿಸಿ. ಗ್ಲೋ ಪ್ಲಗ್, ಕವರ್, ಹೊರಗಿನ ಬೆಲ್ಟುಗಳು, ಕೂಲಂಟ್, ಎಲ್ಲ ಮುಗಿಸಿ ಬ್ಯಾಟರಿ ಜೋಡಿಸಿ.

ಡೀಸೆಲ್ ಪೈಪುಗಳನ್ನು ಬಿಚ್ಚಿಲ್ಲದಿದ್ದರೆ ಎಂಜಿನ್ ಮಾಮೂಲಿನಂತೆ ಹತ್ತಿಕೊಳ್ಳಬೇಕು. ಆಕ್ಸಿಲರೇಟರ್ ತುಳಿಯದೆ ಐಡಲಿನಲ್ಲೇ ಬಿಟ್ಟು ಬೆಲ್ಟಿನ ಕವರ್ ಹತ್ತಿರ ಕಿವಿ ಕೊಡಿ. ಉಜ್ಜುವ ಸದ್ದು ಬಂದರೆ ಬೆಲ್ಟಿನ ಅಂಚು ಕವರಿಗೆ ತಾಗುತ್ತಿದೆ. ಊಳಿಡುವ ಸದ್ದು ಬಂದರೆ ಬಿಗಿ ಜಾಸ್ತಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಕೂಲಂಟಿನ ಗಾಳಿ ಹೊರಬರಲು ಬಿಡಿ, ಮಟ್ಟ ಇಳಿದಂತೆ ತುಂಬಿಸಿ.

ಹಳೆಯ ಬೆಲ್ಟನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಈಗ ಅದನ್ನು ಮಡಚಬಹುದು. ಹಲ್ಲಿನ ಬುಡದಲ್ಲಿ ಮೊದಲು ಕಾಣದ ಬಿರುಕುಗಳು ಬಾಯಿ ಬಿಡುತ್ತವೆ. ಒಂದೇ ಅಂಚು ಸವೆದಿದ್ದರೆ ಯಾವುದೋ ರೋಲರ್ ವಾಲಿ ನಿಂತಿತ್ತು ಅಂತ ಅರ್ಥ, ಹೊಸದು ನೇರವಾಗಿ ಓಡುತ್ತಿದೆಯೇ ಅಂತ ಮೇಲಿನ ಕವರ್ ತೆಗೆದು ಇನ್ನೊಮ್ಮೆ ನೋಡಿ. ಅಲ್ಲಲ್ಲಿ ಮೆತ್ತಗೆ ಉಬ್ಬಿದ್ದರೆ ಆಯಿಲ್ ಎಲ್ಲಿಂದ ಬಂತು ಅಂತ ಹುಡುಕಿ. ಆಮೇಲೆ ಒಂದು ಚೀಟಿಯಲ್ಲಿ ಇವತ್ತಿನ ತಾರೀಖು, ಮೀಟರಿನ ಕಿಲೋಮೀಟರ್, ಬದಲಿಸಿದ ಭಾಗಗಳ ಹೆಸರು ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಮುಂದೆ ಆ ವ್ಯಾನು ಯಾರ ಕೈಗೆ ಹೋದರೂ ಅವರು ಮೊದಲು ಹುಡುಕುವುದು ಆ ಚೀಟಿಯನ್ನೇ.